ಗಂಡು ಮರಿಯೇ ಬೇಕೆನ್ನುವ ಮುನ್ನ

ಹೊಲದಿಂದ ಕಡ್ಲೆಕಾಯಿ ಕಿತ್ತು ತಂದು, ಬಿಡಿಸಿ, ಒಣಹಾಕಿ, ಚೀಲ ತುಂಬಿ ನಡುಮನೆಯ ಗೋಡೆಗೆ ಒಟ್ಟುವ ಹೊತ್ತಿಗೆ ಇಲಿಯ ಕಾಟ ಶುರುವಾಗುತ್ತದೆ. ರಾತ್ರಿಯೆಲ್ಲ ಚೀಲದ ಮೂಲೆ ಕೊರೆಯುವ ಸದ್ದು, ಬೆಳಗಾದರೆ ನೆಲದ ತುಂಬ ಸಿಪ್ಪೆ. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಗಳ ಮೇಲೂ ಓಡಾಟ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಬೆಕ್ಕಿನ ಮರಿಗಾಗಿ ಜನ ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸುವುದು ಆಗ. ತುಮಕೂರಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಕಳ್ಳಂಬೆಳ್ಳದ ಸುತ್ತಮುತ್ತ ಯಾವ ಜಗಲಿಯ ಮೇಲಾದರೂ ಈ ಮಾತು ಕೇಳಿಸೀತು:

“ಅಕ್ಕ, ನಿಮ್ ಬೆಕ್ಕು ಮರಿ ಹಾಕೈತಂತೆ?”

“ನಾಕು ಹಾಕೈತೆ ಕಣಮ್ಮ. ಕಣ್ಣು ಬಿಟ್ಟವೆ. ಯಾವ್ದ್ ಬೇಕೋ ತಗಂಡೋಗು.”

“ಗಂಡ್ ಮರಿ ಇದ್ರೆ ಕೊಡಕ್ಕ. ಹೆಣ್ಣು ಬ್ಯಾಡ.”

ಗಂಡು ಮರಿಗಳು ಹೀಗೆ ಒಂದೊಂದಾಗಿ ಮನೆ ಸೇರುತ್ತವೆ. ಹೆಣ್ಣು ಉಳಿಯುತ್ತವೆ. ಉಳಿದವುಗಳಲ್ಲಿ ಕೆಲವನ್ನು ಚೀಲಕ್ಕೆ ಹಾಕಿ ಕೆರೆ ಏರಿಯ ಮೇಲೋ, ಹೆದ್ದಾರಿ ಬದಿಯ ಡಾಬಾದ ಹಿಂದೋ ಬಿಟ್ಟು ಬರುತ್ತಾರೆ. ಇನ್ನೂ ಹಾಲು ಬಿಡದ ಮರಿ ತಾಯಿಯಿಲ್ಲದೆ ಅಲ್ಲಿ ಬದುಕಲಾರದು. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ತೊರೆದು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಗಂಡು ಮರಿ, ಹೆಣ್ಣು ಮರಿ ಎಂಬ ಆಯ್ಕೆಯ ಹಿಂದೆ ಇಷ್ಟೆಲ್ಲ ಇರುವುದರಿಂದ ಅದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ಹೆಣ್ಣಿನ ಮೇಲಿನ ಭಯ

ಹೆಣ್ಣು ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆ. ಹೆಣ್ಣು ಬೆಕ್ಕು ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಬೆದೆಗೆ ಬರುತ್ತದೆ. ಚೆನ್ನಾಗಿ ತಿಂದು ಮೈ ತುಂಬಿಕೊಂಡಿದ್ದರೆ ನಾಲ್ಕು ತಿಂಗಳಿಗೇ ಬರುವುದುಂಟು. ಮನೆಯವರ ಕಣ್ಣಿಗೆ ಅದಿನ್ನೂ ಮರಿ. ಅಷ್ಟರಲ್ಲಿ ಅದು ಗಬ್ಬ. ಗಬ್ಬದ ಅವಧಿ 63ರಿಂದ 65 ದಿನ. ಒಂದು ಸೂಲಿಗೆ ಮೂರರಿಂದ ಐದು ಮರಿ. ಮರಿಗಳಿಗೆ ಹಾಲು ಕೊಡುತ್ತಿರುವಾಗಲೇ ಅದು ಮತ್ತೆ ಗಬ್ಬ ಕಟ್ಟಬಲ್ಲದು.

ಹಸು, ಕುರಿಗಳಲ್ಲಿ ಅಂಡ ತನ್ನ ಕಾಲಕ್ಕೆ ತಾನೇ ಬಿಡುಗಡೆಯಾಗುತ್ತದೆ. ಬೆಕ್ಕಿನಲ್ಲಿ ಸಾಮಾನ್ಯವಾಗಿ ಗಂಡಿನ ಜೊತೆ ಕೂಡಿದ ಮೇಲೆ ಬಿಡುಗಡೆಯಾಗುತ್ತದೆ. ಆದ್ದರಿಂದ ಬೆದೆ ಹುಸಿಹೋಗುವುದು ಕಡಿಮೆ. ಗಂಡು ಸಿಗದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಬೆದೆ, ಮತ್ತೆ ರಾತ್ರಿಯಿಡೀ ಕೂಗು. ನಾಲ್ಕೈದು ಗಂಡುಗಳು ಸುತ್ತಿದ್ದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರು ಇರಬಹುದು. ಒಂದೇ ಬುಟ್ಟಿಯಲ್ಲಿ ಕೆಂಚು, ಕರಿ, ಪಟ್ಟೆ ಮರಿಗಳು ಒಟ್ಟಿಗೆ ಕಾಣುವುದಕ್ಕೆ ಇದೂ ಒಂದು ಕಾರಣ.

ನಮ್ಮ ಸೀಮೆಯ ಹಗಲೂ ಬೆಕ್ಕಿನ ಸಂತಾನಕ್ಕೆ ಅನುಕೂಲ. ಹಗಲು ಉದ್ದವಾದಾಗ ಬೆಕ್ಕು ಬೆದೆಗೆ ಬರುತ್ತದೆ, ಚಳಿಗಾಲದ ಗಿಡ್ಡ ಹಗಲಿನಲ್ಲಿ ತಣ್ಣಗಾಗುತ್ತದೆ. ಲಂಡನ್ನಿನಲ್ಲಿ ಡಿಸೆಂಬರ್ ಹಗಲು ಎಂಟು ಗಂಟೆಯೂ ಇಲ್ಲ. ಶಿರಾ ಸೀಮೆಯಲ್ಲಿ ವರ್ಷದ ಅತಿ ಗಿಡ್ಡ ಹಗಲೂ 11 ಗಂಟೆ ದಾಟುತ್ತದೆ, ಅತಿ ಉದ್ದದ್ದು 13 ಗಂಟೆಯ ಹತ್ತಿರ. ಅಂದರೆ ಇಲ್ಲಿನ ಬೆಕ್ಕಿಗೆ ಬಿಡುವಿನ ತಿಂಗಳು ಎಂದರೆ ಬಹಳ ಕಡಿಮೆ.

ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕು ಎಂದು ಕಡಿಮೆಯಲ್ಲೇ ಲೆಕ್ಕ ಹಿಡಿದರೂ ಎಂಟು ಮರಿ. ಅದರಲ್ಲಿ ಅರ್ಧ ಹೆಣ್ಣು. ಬದುಕಿದರೆ ಮುಂದಿನ ವರ್ಷ ಅವೂ ತಾಯಂದಿರು. ಬೆಕ್ಕು ಮರಿ ಹಾಕಿದರೆ ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ನಾಯಿಯ, ಗಂಡು ಬೆಕ್ಕಿನ ಭಯಕ್ಕೆ ತಾಯಿ ಮರಿಗಳನ್ನು ಕತ್ತು ಕಚ್ಚಿ ಜಾಗದಿಂದ ಜಾಗಕ್ಕೆ ಸಾಗಿಸುತ್ತದೆ. ಹೊರಗಿನ ಗಂಡು ಬೆಕ್ಕು ಎಳೆಮರಿಗಳನ್ನು ಕೊಲ್ಲುವುದೂ ನಿಜ. ಮರಿ ಕಳೆದುಕೊಂಡ ತಾಯಿ ಬೇಗ ಬೆದೆಗೆ ಬರುತ್ತದೆ.

ಒಂದು ಮಾತು ಮಾತ್ರ ಇಲ್ಲಿ ಹೇಳಲೇಬೇಕು. ಗಂಡು ಮರಿ ತಂದರೆ ಮರಿಗಳ ತಾಪತ್ರಯ ಇಲ್ಲ ಎನ್ನುವುದು ಆ ಒಂದು ಮನೆಯ ಲೆಕ್ಕಕ್ಕೆ ಸರಿ, ಊರಿನ ಲೆಕ್ಕಕ್ಕೆ ಸರಿಯಲ್ಲ. ಹೆಣ್ಣು ಬೆಕ್ಕು ವರ್ಷಕ್ಕೆ ಎರಡೋ ಮೂರೋ ಸೂಲು ಹಾಕೀತು. ಅಡ್ಡಾಡುವ ಒಂದು ಗಂಡು ಬೀದಿಯ ಎಲ್ಲ ಹೆಣ್ಣುಗಳ ಮರಿಗಳಿಗೂ ತಂದೆಯಾಗಬಲ್ಲದು.

ಗಂಡು ಮನೆ ಬಿಡುವ ಕಾಲ

ಗಂಡು ಮರಿ ತಂದವರ ದೂರು ಎಂಟು ಹತ್ತು ತಿಂಗಳಿಗೆ ಶುರುವಾಗುತ್ತದೆ. ಮೊದಲು ಒಂದು ರಾತ್ರಿ ಬರುವುದಿಲ್ಲ. ಆಮೇಲೆ ಮೂರು ದಿನ. ಬಂದಾಗ ಕಿವಿ ಹರಿದಿರುತ್ತದೆ, ಕೆನ್ನೆ ಊದಿರುತ್ತದೆ. ಒಂದು ಸಲ ಹೋದದ್ದು ಮತ್ತೆ ಬರುವುದೇ ಇಲ್ಲ. ಹೆದ್ದಾರಿ ಪಕ್ಕದ ಊರುಗಳಲ್ಲಿ ಅದು ಏನಾಗಿರಬಹುದೆಂದು ಯಾರೂ ಹೇಳಬೇಕಿಲ್ಲ.

ಪ್ರಾಯದ ಗಂಡು ಸುತ್ತುವ ಪ್ರದೇಶ ಹೆಣ್ಣಿನದ್ದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು. ಹೆಣ್ಣು ಆಹಾರ ಸಿಗುವ ಜಾಗದ ಸುತ್ತ ಉಳಿಯುತ್ತದೆ, ಗಂಡು ಹೆಣ್ಣುಗಳಿರುವ ಕಡೆಗೆಲ್ಲ ಹೋಗುತ್ತದೆ. ಹೋದಲ್ಲಿ ಕಾದಾಟ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಮೇಲೆ ಚರ್ಮ ಕೂಡಿಕೊಂಡರೂ ಒಳಗೆ ಕೀವು ಕಟ್ಟುತ್ತದೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ಎಂಬ ಬೆಕ್ಕಿನ ವೈರಸ್ ಮುಖ್ಯವಾಗಿ ಇಂಥ ಕಡಿತದಿಂದಲೇ ಹರಡುತ್ತದೆ. ಅದು ಮನುಷ್ಯರಿಗೆ ಅಂಟುವುದಿಲ್ಲ. ರೇಬಿಸ್ ಅಂಟುತ್ತದೆ. ಹುಚ್ಚುನಾಯಿ ಕಚ್ಚಿದ ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ, ಹಾಗಾಗಿ ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸುವುದನ್ನು ಮುಂದೂಡಬಾರದು. ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ತೊಂದರೆ ವಾಸನೆಯದು. ಪ್ರಾಯದ ಗಂಡು ಬಾಲ ನಿಗುರಿಸಿ ನಿಂತು ಗೋಡೆಗೆ, ಬಾಗಿಲಿಗೆ, ರಾಗಿ ಚೀಲಕ್ಕೆ ಉಚ್ಚೆ ಚಿಮ್ಮಿಸುತ್ತದೆ. ಇದು ತನ್ನ ಗಡಿ ಸಾರುವ ಬಗೆ. ಎಷ್ಟು ತೊಳೆದರೂ ಹೋಗದ ಆ ನಾತಕ್ಕೆ ಬೇಸತ್ತು ಬೆಕ್ಕನ್ನೇ ಮನೆಯಿಂದ ಓಡಿಸಿದವರಿದ್ದಾರೆ.

ಬಾಲ ಎತ್ತಿ ನೋಡುವ ಬಗೆ

ಗಂಡು ಎಂದುಕೊಂಡು ತಂದದ್ದು ಆರು ತಿಂಗಳಿಗೆ ಮರಿ ಹಾಕುವುದು ಹಳ್ಳಿಗಳಲ್ಲಿ ಹೊಸದೇನಲ್ಲ. ಎಳೆಮರಿಯಲ್ಲಿ ಗುರುತು ಹಿಡಿಯುವುದು ಸ್ವಲ್ಪ ಕಷ್ಟ. ಎರಡು ಮರಿ ಪಕ್ಕಪಕ್ಕ ಇಟ್ಟುಕೊಂಡು ನೋಡಿದರೆ ಸುಲಭ.

ಮರಿಯನ್ನು ಅಂಗೈಯಲ್ಲಿ ಕೂರಿಸಿ ಬಾಲವನ್ನು ಮೆಲ್ಲಗೆ ಎತ್ತಿ. ಮೇಲಿರುವುದು ಗುದದ್ವಾರ. ಅದರ ಕೆಳಗೆ ಬೆರಳಿನಷ್ಟು ಅಂತರ ಬಿಟ್ಟು ಇನ್ನೊಂದು ಸಣ್ಣ ದುಂಡು ರಂಧ್ರ ಇದ್ದರೆ ಗಂಡು. ನೋಡಲು ನಮ್ಮ ವಿಸರ್ಗದ ಹಾಗೆ, ಒಂದರ ಕೆಳಗೊಂದು ಎರಡು ಸೊನ್ನೆ. ನಡುವಿನ ಜಾಗದಲ್ಲಿ ಮುಂದೆ ವೃಷಣ ಉಬ್ಬಿ ಬರುತ್ತದೆ, ಆರರಿಂದ ಎಂಟು ವಾರದ ಹೊತ್ತಿಗೆ ಬೆರಳಿಗೆ ಸಿಗುತ್ತದೆ. ಹೆಣ್ಣಿನಲ್ಲಿ ಎರಡೂ ತೀರ ಹತ್ತಿರ, ಕೆಳಗಿನದ್ದು ದುಂಡಗಿರದೆ ಉದ್ದನೆಯ ಗೀಟಿನ ಹಾಗಿರುತ್ತದೆ. ಮೊಲೆತೊಟ್ಟು ಇದೆಯೇ ಎಂದು ನೋಡುವುದರಿಂದ ಏನೂ ತಿಳಿಯದು, ಎರಡರಲ್ಲೂ ಇರುತ್ತದೆ.

ಬಣ್ಣ ಹೇಳುವ ಗುಟ್ಟು

ಕೆಲವು ಮರಿಗಳ ಬಾಲ ಎತ್ತುವ ಅಗತ್ಯವೇ ಇಲ್ಲ. ಕರಿ, ಕೆಂಚು, ಬಿಳಿ ಮೂರೂ ಬಣ್ಣ ಮೈಮೇಲೆ ಇದ್ದರೆ ಅದು ಹೆಣ್ಣು ಎಂದು ಕಣ್ಣು ಮುಚ್ಚಿ ಹೇಳಬಹುದು. ಸಾವಿರಾರಕ್ಕೆ ಒಂದು ಗಂಡು ಹಾಗೆ ಹುಟ್ಟೀತು, ಅದಕ್ಕೂ ಸಾಮಾನ್ಯವಾಗಿ ಸಂತಾನಶಕ್ತಿ ಇರುವುದಿಲ್ಲ. ಪೂರ್ತಿ ಕೆಂಚು ಮರಿಯಾದರೆ ಗಂಡಾಗಿರುವ ಸಂಭವ ಹೆಚ್ಚು. ಐದರಲ್ಲಿ ನಾಲ್ಕು ಎನ್ನಬಹುದು.

ಕಾರಣ ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಬೆಕ್ಕಿನ ಕೆಂಚು ಬಣ್ಣದ ಗುಣ ಕೂತಿರುವುದು ಅದರ ಮೇಲೆ. ಗಂಡಿಗೆ ತಾಯಿಯಿಂದ ಬಂದ ಒಂದೇ ಎಕ್ಸ್ ಇರುತ್ತದೆ. ಅದರಲ್ಲಿ ಕೆಂಚು ಇದ್ದರೆ ಮರಿ ಕೆಂಚು, ಇಲ್ಲದಿದ್ದರೆ ಇಲ್ಲ. ಹೆಣ್ಣಿಗೆ ತಾಯಿಯಿಂದೊಂದು, ತಂದೆಯಿಂದೊಂದು ಎರಡು ಎಕ್ಸ್. ಪೂರ್ತಿ ಕೆಂಚಾಗಬೇಕಾದರೆ ಎರಡರಲ್ಲೂ ಕೆಂಚು ಇರಬೇಕು. ಅದು ಅಪರೂಪ.

ಒಂದರಲ್ಲಿ ಕೆಂಚು, ಇನ್ನೊಂದರಲ್ಲಿ ಕರಿ ಇದ್ದರೆ? ಭ್ರೂಣ ಇನ್ನೂ ತೀರ ಎಳೆಯದಾಗಿರುವಾಗಲೇ ಹೆಣ್ಣಿನ ಒಂದೊಂದು ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಸುಮ್ಮನಾಗಿಸುತ್ತದೆ. ಯಾವುದನ್ನು ಎಂಬುದಕ್ಕೆ ನಿಯಮವಿಲ್ಲ. ಆ ಜೀವಕೋಶದಿಂದ ಮುಂದೆ ಬೆಳೆದ ಚರ್ಮದ ಭಾಗಕ್ಕೆಲ್ಲ ಅದೇ ತೀರ್ಮಾನ ಅನ್ವಯ. ಹೀಗೆ ಒಂದು ಕಡೆ ಕೆಂಚು ಮಚ್ಚೆ, ಇನ್ನೊಂದು ಕಡೆ ಕರಿ ಮಚ್ಚೆ. ಬಿಳಿ ಬರುವುದು ಬೇರೆಯದೇ ಜೀನ್‌ನಿಂದ. ಎಕ್ಸ್ ಸುಮ್ಮನಾಗುವ ಈ ವಿದ್ಯಮಾನವನ್ನು 1961ರಲ್ಲಿ ಮೊದಲು ಮುಂದಿಟ್ಟವರು ಬ್ರಿಟನ್ನಿನ ವಿಜ್ಞಾನಿ ಮೇರಿ ಲಯನ್. ಅವರು ಗಮನಿಸಿದ್ದು ಇಲಿಗಳ ಮೈಬಣ್ಣವನ್ನು.

ಕೆಂಚು ಬಣ್ಣದ ಜೀನ್ ಯಾವುದೆಂದು ಮಾತ್ರ ಬಹಳ ಕಾಲ ಸಿಕ್ಕಿರಲಿಲ್ಲ. ಜಪಾನಿನ ಕ್ಯೂಷು ವಿಶ್ವವಿದ್ಯಾಲಯದ ಹಿರೊಯುಕಿ ಸಸಾಕಿ ಅವರ ತಂಡ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡಿನ ಗ್ರೆಗ್ ಬಾರ್ಶ್ ಅವರ ತಂಡ ಬೇರೆ ಬೇರೆಯಾಗಿ ಹುಡುಕಿ, 2025ರಲ್ಲಿ ಒಂದೇ ಉತ್ತರವನ್ನು ಪ್ರಕಟಿಸಿದವು. ಎಆರ್‌ಎಚ್‌ಜಿಎಪಿ36 ಎಂಬ ಜೀನ್‌ನ ಬಳಿ ಡಿಎನ್‌ಎಯ ಸಣ್ಣ ತುಣುಕೊಂದು ಕಳಚಿಹೋಗಿದೆ; ಅದರಿಂದಾಗಿ ಈ ಜೀನ್ ಬಣ್ಣ ತಯಾರಿಸುವ ಜೀವಕೋಶಗಳಲ್ಲೂ ಚುರುಕಾಗಿ, ಕರಿಯ ಬದಲು ಕೆಂಚು ಬಣ್ಣ ತಯಾರಾಗುತ್ತದೆ.

2001ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕು ‘ಸಿಸಿ’ಯ ಕಥೆಯನ್ನೂ ಇಲ್ಲೇ ಹೇಳಬೇಕು. ಅದರ ಮೂಲ ಬೆಕ್ಕು ‘ರೇನ್‌ಬೋ’ಗೆ ಮೂರು ಬಣ್ಣ. ಅದರದೇ ಜೀವಕೋಶದಿಂದ ಹುಟ್ಟಿದ ಸಿಸಿಯಲ್ಲಿ ಕೆಂಚು ಬಣ್ಣವೇ ಇರಲಿಲ್ಲ. ತೆಗೆದುಕೊಂಡ ಆ ಒಂದು ಜೀವಕೋಶದಲ್ಲಿ ಕೆಂಚಿನ ಎಕ್ಸ್ ಸುಮ್ಮನಾಗಿತ್ತು. ಮೂರು ಬಣ್ಣದ ಎರಡು ಬೆಕ್ಕುಗಳು ಒಂದೇ ಥರ ಇರಲು ಸಾಧ್ಯವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹೆಣ್ಣೆಂದು ದೂರದಿಂದಲೇ ಗುರುತು ಸಿಗುವುದರಿಂದ ನಮ್ಮಲ್ಲಿ ಮೊದಲು ಬೇಡವಾಗುವುದೂ ಇವೇ ಮೂರು ಬಣ್ಣದ ಚೆಲುವೆಯರು ಎನ್ನುವುದು ನನಗೆ ಬಹಳ ನೋವಿನ ಸಂಗತಿ.

ಚೀಲ ಕಾಯುವುದು ಯಾವುದು

ಇಲಿ ಹಿಡಿಯಲು ಗಂಡೇ ಸರಿ, ಮೈಕಟ್ಟು ದೊಡ್ಡದು ಎನ್ನುವವರಿದ್ದಾರೆ. ಗಂಡು ಸಾಮಾನ್ಯವಾಗಿ ನಾಲ್ಕರಿಂದ ಐದು ಕಿಲೋ, ಹೆಣ್ಣು ಮೂರರಿಂದ ನಾಲ್ಕು. ಮನೆಯಿಲಿ, ಸುಂಡಿಲಿಗೆ ಎರಡೂ ಸಾಕು. ಹೆಗ್ಗಣದ ಎದುರು ಎಷ್ಟೋ ಗಂಡುಗಳೂ ಹಿಂಜರಿಯುತ್ತವೆ.

ನನ್ನ ಮಟ್ಟಿಗೆ ಉಗ್ರಾಣ ಕಾಯಲು ಹೆಣ್ಣೇ ವಾಸಿ. ಅದು ಮನೆಯ ಹತ್ತಿರ ಇರುತ್ತದೆ. ಇಲಿ ಇರುವುದೂ ಅಲ್ಲೇ. ಬೇಟೆಯನ್ನು ಮರಿಗಳಿಗೆ ಕಲಿಸುವವಳೂ ತಾಯಿ. ಮೊದಲು ಸತ್ತ ಇಲಿಯನ್ನು ತಂದು ಹಾಕುತ್ತಾಳೆ, ಆಮೇಲೆ ಅರೆಜೀವದ್ದನ್ನು, ಕೊನೆಗೆ ಜೀವಂತ ಇಲಿಯನ್ನೇ ಎದುರಿಗೆ ಬಿಡುತ್ತಾಳೆ. ಇಲಿ ಹಿಡಿಯುವ ತಾಯಿಯ ಬಳಿ ಎಂಟು ವಾರ ಬೆಳೆದ ಮರಿ, ಗಂಡಾಗಲಿ ಹೆಣ್ಣಾಗಲಿ, ಕೆಲಸ ಕಲಿತೇ ಬರುತ್ತದೆ. ಕಣ್ಣು ಬಿಟ್ಟ ವಾರಕ್ಕೇ ಕಿತ್ತು ತಂದ ಮರಿಗೆ ಆ ಪಾಠ ಸಿಗುವುದಿಲ್ಲ.

ಹೊಟ್ಟೆಗೆ ಹಾಕಿದರೆ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಬೆಕ್ಕಿನಲ್ಲಿ ಹಸಿವು ಮತ್ತು ಬೇಟೆ ಬೇರೆ ಬೇರೆ. ತಿನ್ನುತ್ತಿರುವ ಅನ್ನ ಬಿಟ್ಟು ಇಲಿಯ ಹಿಂದೆ ಓಡುವುದು ಅದರ ಸ್ವಭಾವ. ಉಪವಾಸ ಕೆಡವಿದ ಬೆಕ್ಕು ಊಟ ಹುಡುಕಿಕೊಂಡು ಬೇರೆ ಮನೆ ಸೇರುತ್ತದೆ. ಬೆಕ್ಕು ಸಾಕಿದ ಮನೆಯಲ್ಲಿ ಇಲಿ ಪಾಷಾಣ ಇಡಬಾರದು. ವಿಷ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು.

ಸಾಧು ಮರಿ, ಪುಕ್ಕಲು ಮರಿ

ಗಂಡು ಪ್ರೀತಿ ಜಾಸ್ತಿ ತೋರಿಸುತ್ತದೆ, ಹೆಣ್ಣು ಗತ್ತಿನದು ಎನ್ನುವುದು ಪಟ್ಟಣದ ಬೆಕ್ಕುಪ್ರಿಯರ ಮಾತು. ಮರಿಯಾಗದಂತೆ ಆಪರೇಷನ್ ಆದ ಬೆಕ್ಕುಗಳಲ್ಲಿ ಈ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಗುಣವನ್ನು ತೀರ್ಮಾನಿಸುವುದು ಎರಡನೇ ವಾರದಿಂದ ಏಳನೇ ವಾರದವರೆಗಿನ ಕಾಲ. ಆಗ ಮನುಷ್ಯರ ಕೈಯಲ್ಲಿ ದಿನಾ ಆಡಿದ ಮರಿ ಜೀವನಪೂರ್ತಿ ಸಾಧು. ಆಗ ಹುಲ್ಲಿನ ಬಣವೆಯ ಸಂದಿಯಲ್ಲೇ ಅಡಗಿ ಬೆಳೆದದ್ದು ಯಾವತ್ತೂ ಸ್ವಲ್ಪ ಪುಕ್ಕಲು. ಧೈರ್ಯದ ತಂದೆಯ ಮರಿಗಳಿಗೂ ಧೈರ್ಯ ಬರುತ್ತದೆ ಎಂದು ಅಧ್ಯಯನಗಳು ತೋರಿಸಿವೆ, ಆದರೆ ನಮ್ಮ ಹಳ್ಳಿಯ ಮರಿಗಳಿಗೆ ತಂದೆ ಯಾರೆಂದು ಹೇಳುವವರು ಯಾರು? ತಾಯಿಯನ್ನು ನೋಡಿ. ಅಪರಿಚಿತರು ಬಂದಾಗ ಅದು ಹೇಗಿರುತ್ತದೆ ಎಂದು ಗಮನಿಸಿ. ಆಮೇಲೆ ನೆಲದ ಮೇಲೆ ಕೂತು ಕಾಯಿರಿ. ತಾನೇ ಹತ್ತಿರ ಬರುವ ಮರಿಯನ್ನು ಎತ್ತಿಕೊಳ್ಳಿ. ಕಣ್ಣಲ್ಲಿ ಪಿಸುರಿಲ್ಲದೆ, ಬಾಲದಡಿ ಭೇದಿಯ ಗುರುತಿಲ್ಲದೆ ಇದ್ದರೆ ಸಾಕು.

ಆಪರೇಷನ್ ಆದ ಮೇಲೆ

ಹೆಣ್ಣಿನ ಭಯಕ್ಕೂ ಗಂಡಿನ ಕಾಟಕ್ಕೂ ಇರುವ ಮದ್ದು ಒಂದೇ. ಹೋರಿಗೆ ಬೀಜ ಒಡೆಸುವುದು, ಟಗರನ್ನು ಹಿಡ ಮಾಡಿಸುವುದು ನಮ್ಮ ರೈತರಿಗೆ ಗೊತ್ತಿರುವ ಕೆಲಸ. ಬೆಕ್ಕಿಗೆ ಮಾತ್ರ ಯಾಕೆ ಮಾಡಿಸಬೇಕು ಎಂಬ ಉದಾಸೀನ ಇನ್ನೂ ಹೋಗಿಲ್ಲ.

ಮರಿ ಐದು ತಿಂಗಳು ತಲಪುವ ಹೊತ್ತಿಗೆ, ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಒಳ್ಳೆಯದು. ಗಂಡಿನದ್ದು ಸಣ್ಣ ಕೆಲಸ. ಅರಿವಳಿಕೆ ಕೊಟ್ಟು ವೃಷಣ ತೆಗೆಯುತ್ತಾರೆ, ಅಂದೇ ಮನೆಗೆ ಕರೆತರಬಹುದು. ಅದಾದ ಮೇಲೂ ಕೆಲವು ವಾರ ಸಂತಾನಶಕ್ತಿ ಉಳಿದಿರುತ್ತದೆ ಎಂಬುದು ನೆನಪಿರಲಿ. ಉಚ್ಚೆ ಚಿಮ್ಮಿಸುವುದು, ಅಲೆಯುವುದು, ಕಾದಾಡುವುದು ಹೆಚ್ಚಿನ ಗಂಡುಗಳಲ್ಲಿ ಇಳಿಯುತ್ತದೆ. ಹತ್ತರಲ್ಲಿ ಒಂದು ಮಾತ್ರ ಚಿಮ್ಮಿಸುವ ಚಾಳಿ ಮುಂದುವರಿಸೀತು.

ಹೆಣ್ಣಿನದ್ದು ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆ, ಆದ್ದರಿಂದ ಖರ್ಚೂ ಆರೈಕೆಯೂ ಹೆಚ್ಚು. ಹತ್ತು ಹದಿನಾಲ್ಕು ದಿನ ಹೊಲಿಗೆ ನೆಕ್ಕದಂತೆ ಒಳಗೇ ಇರಿಸಬೇಕು. ಪ್ರಯೋಜನವೂ ಅಷ್ಟೇ ದೊಡ್ಡದು. ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಎರವಾಗುವ ಕಾಯಿಲೆಯ ಭಯ ಇರುವುದಿಲ್ಲ. ಬೆಕ್ಕುಗಳಲ್ಲಿ ಬಹಳ ಉಗ್ರವಾದ ಮೊಲೆಯ ಕ್ಯಾನ್ಸರ್, ಆರು ತಿಂಗಳೊಳಗೆ ಆಪರೇಷನ್ ಆದವುಗಳಲ್ಲಿ 91 ಪ್ರತಿಶತ ಕಡಿಮೆ ಎಂದು ಅಮೆರಿಕದ ಅಧ್ಯಯನವೊಂದು 2005ರಲ್ಲಿ ತೋರಿಸಿತು. ಒಂದು ಸಲವಾದರೂ ಮರಿ ಹಾಕಲಿ, ಆಮೇಲೆ ಮಾಡಿಸೋಣ ಎನ್ನುವುದರಿಂದ ಬೆಕ್ಕಿಗೆ ಯಾವ ಲಾಭವೂ ಇಲ್ಲ.

ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ದನ, ಕುರಿ, ಮೇಕೆಯದೇ ಕೆಲಸ ಹೆಚ್ಚು. ಬೆಕ್ಕಿಗೆ ಅರಿವಳಿಕೆ ಕೊಟ್ಟು ಮಾಡುವ ಅನುಕೂಲ ಇದೆಯೇ ಎಂದು ವೈದ್ಯರನ್ನು ಮೊದಲೇ ಕೇಳಿ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ಇಲ್ಲದಿದ್ದರೆ ತುಮಕೂರಿದೆ, ಅದರಾಚೆ, 1958ರಲ್ಲಿ ಶುರುವಾದ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಗಂಡಿಗೆ ಮೂತ್ರ ಕಟ್ಟಿದರೆ

ಗಂಡು ಸಾಕುವವರು ತಿಳಿದಿರಬೇಕಾದ ಒಂದು ಅಪಾಯವಿದೆ. ಗಂಡು ಬೆಕ್ಕಿನ ಮೂತ್ರನಾಳ ಹೆಣ್ಣಿನದ್ದಕ್ಕಿಂತ ಸಪೂರ. ಹರಳು, ಲೋಳೆ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತದೆ. ಬೆಕ್ಕು ಪದೇಪದೇ ಕುಕ್ಕರಗಾಲಲ್ಲಿ ಕೂತು ತಿಣುಕುತ್ತದೆ, ಹನಿಯೂ ಬರುವುದಿಲ್ಲ, ನರಳುತ್ತದೆ, ಊಟ ಬಿಡುತ್ತದೆ. ಮಲಬದ್ಧತೆ ಎಂದುಕೊಂಡು ಕಾಯುವವರೇ ಹೆಚ್ಚು. ಒಂದೆರಡು ದಿನ ಕಳೆದರೆ ಜೀವ ಉಳಿಯುವುದಿಲ್ಲ, ಆ ಗಂಟೆಯೇ ವೈದ್ಯರ ಬಳಿ ಒಯ್ಯಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಯಾವ ಕಾರಣಕ್ಕೂ ಕೊಡಬಾರದು. ಬೆಕ್ಕಿಗೆ ಅದು ವಿಷ.

ಹಾಗಾದರೆ ಯಾವುದು?

ಉಗ್ರಾಣ, ತೋಟ, ಕೊಟ್ಟಿಗೆ ಇರುವ ಮನೆಗೆ ಹೆಣ್ಣು ಮರಿ ತನ್ನಿ, ಐದು ತಿಂಗಳಿಗೆ ಆಪರೇಷನ್ ಮಾಡಿಸಿ. ಶಿರಾ, ಮಧುಗಿರಿ ಪೇಟೆಯ ಸಣ್ಣ ಮನೆಯೊಳಗೇ ಸಾಕುವುದಾದರೆ ಯಾವುದಾದರೂ ಸರಿ, ಖರ್ಚು ಕಡಿಮೆ ಇರಲಿ ಎನ್ನುವವರು ಗಂಡನ್ನು ಆರಿಸಿ ಅದಕ್ಕೂ ಮಾಡಿಸಿ. ಮನೆಯಲ್ಲಿ ಈಗಾಗಲೇ ಒಂದು ದೊಡ್ಡ ಗಂಡು ಇದ್ದರೆ ಎರಡನೆಯದು ಹೆಣ್ಣಾಗಿದ್ದರೆ ಜಗಳ ಕಡಿಮೆ. ಆಪರೇಷನ್ ಮಾಡಿಸಲು ಆಗುವುದೇ ಇಲ್ಲ ಎನ್ನುವವರು ಸದ್ಯಕ್ಕೆ ಬೆಕ್ಕು ತರದಿರುವುದು ಮೇಲು.

ಮರಿ ಎಂಟು ವಾರ ತಾಯಿಯ ಬಳಿ ಇರಲಿ, ಅಲ್ಲಿಯವರೆಗೆ ಕಾಯಿರಿ. ಮರಿ ಎತ್ತಿಕೊಂಡು ಬರುವ ದಿನ ಆ ಮನೆಯವರ ಜೊತೆ ಇನ್ನೊಂದು ಮಾತಾಡಿ: ತಾಯಿಬೆಕ್ಕನ್ನು ಹೊರಗೆ ಬಿಡದೆ ಇಟ್ಟುಕೊಳ್ಳಿ, ಹಾಲು ಬತ್ತಿದ ಕೂಡಲೇ ಅದಕ್ಕೂ ಆಪರೇಷನ್ ಮಾಡಿಸೋಣ ಎಂದು ಹೇಳಿ. ಖರ್ಚಿನಲ್ಲಿ ನಿಮ್ಮ ಕೈಲಾದಷ್ಟು ಕೊಡಿ.